ಪೆನ್ಸಿಲಿನಲ್ಲಿ ಉಳಿದ ಜಾಗ

ನನಗೆ ನಿಧಾನದ ಜನರನ್ನು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರೆಯುವುದೆಲ್ಲ ನನ್ನ ಆ ಗುಣದಿಂದಲೇ ಆದದ್ದು. ಮದುವೆಯಾದ ಹೊಸತರಲ್ಲಿ ನನ್ನ ಅತ್ತೆ ನೆಂಟರ ಎದುರು, "ಇವಳು ಅನ್ನ ಬೇಯುವ ಮೊದಲೇ ಬಸಿಯುವವಳು" ಎಂದು ನಗುತ್ತಿದ್ದರು. ನನಗೆ ಅದು ಹೊಗಳಿಕೆಯಂತೆ ಕೇಳುತ್ತಿತ್ತು.

ದೋಹಾಕ್ಕೆ ನಾನು ಬಂದದ್ದು ಗಂಡನ ಕೆಲಸದ ಬೆನ್ನಿಗೆ. ಅವರು ಮೆಸಯೀದಿನ ಒಂದು ಕಾರ್ಖಾನೆಯಲ್ಲಿ ಟೆಕ್ನೀಷಿಯನ್. ಬೆಳಿಗ್ಗೆ ಐದಕ್ಕೆ ಕಂಪೆನಿ ಬಸ್ಸು ಬಂದರೆ ಸಂಜೆ ಐದಕ್ಕೆ ತಂದು ಬಿಡುತ್ತಿತ್ತು. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ಎರಡು ಕೋಣೆಯ ಫ್ಲ್ಯಾಟು. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಹಗಲಿಡೀ ಎ.ಸಿ.ಯ ಸದ್ದು ಕೇಳುತ್ತ ಕೂರುವುದು ನನ್ನಿಂದ ಆಗಲಿಲ್ಲ. ಮಂಗಳೂರಿನಲ್ಲಿ ಮಾಡಿದ್ದ ಸಿವಿಲ್ ಡಿಪ್ಲೊಮಾ ಪೆಟ್ಟಿಗೆಯ ತಳದಲ್ಲಿತ್ತು. ಅದನ್ನು ತೆಗೆದು ಧೂಳು ಕೊಡವಿ ಕೆಲಸ ಹುಡುಕಿದೆ.

ಸರಕಾರದ ಹಳೆಯ ಭೂಮಿ ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಒಂದು ಕಂಪೆನಿ ಗುತ್ತಿಗೆಗೆ ಹಿಡಿದಿತ್ತು. ಅದರಲ್ಲಿ ನನಗೆ ಜಾಗ ಸಿಕ್ಕಿತು. ಕೂರುವುದು ಮಾತ್ರ ಸರಕಾರಿ ಕಚೇರಿಯಲ್ಲೇ, ಊರ ನಡುವಿನ ಮುಶೈರಿಬ್‌ನ ಅಂಚಿನ ಒಂದು ಹಳೆಯ ಕಟ್ಟಡದ ಎರಡನೇ ಮಹಡಿ. ಏಷ್ಯನ್ ಗೇಮ್ಸ್ ಹತ್ತಿರ ಬರುತ್ತಿದ್ದ ಕಾಲ ಅದು. ಊರಿಗೆ ಊರೇ ಅಗೆದು ಹಾಕಿದ್ದರು. ರಸ್ತೆಗೆ ಜಾಗ, ಹೋಟೆಲಿಗೆ ಜಾಗ, ಬಂದರಿಗೆ ಜಾಗ. ಕೇಳಿದವರಿಗೆಲ್ಲ ಜಾಗ ಕೊಡಬೇಕಾದರೆ ಯಾವುದು ಖಾಲಿ, ಯಾವುದು ಖಾಲಿಯಲ್ಲ ಎಂದು ಗೊತ್ತಿರಬೇಕಲ್ಲ? ಅದನ್ನು ಹೇಳುವ ಕಾಗದಗಳು ಬ್ರಿಟಿಷರ ಕಾಲದಿಂದ ಒಂದು ಕೋಣೆಯಲ್ಲಿ ಸುರುಳಿ ಸುರುಳಿಯಾಗಿ ಬಿದ್ದಿದ್ದವು.

ಆ ಕೋಣೆಯ ಯಜಮಾನರು ಪೊರ್ಬುಗಳು. ನಮ್ಮ ಕರಾವಳಿಯಲ್ಲಿ ಕೆಥೊಲಿಕ್ ಹಿರಿಯರನ್ನು ಹಾಗೆಯೇ ಕರೆಯುವುದು. ಉಡುಪಿಯ ಕಡೆಯವರು, ಮನೆಮಾತು ಕೊಂಕಣಿ. ನಾನು ತುಳುವಿನವಳು. ಇಬ್ಬರೂ ಸೇರಿದರೆ ಅರ್ಧ ತುಳು, ಅರ್ಧ ಮಂಗಳೂರು ಕನ್ನಡ. ಪೊರ್ಬುಗಳ ವಯಸ್ಸು ಅರವತ್ತು ದಾಟಿ ನಾಲ್ಕೈದು ವರ್ಷವಾಗಿದ್ದರೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ಸಿಲು, ಬೆಳಿಗ್ಗೆ ಆರೂವರೆಗೆ ಹಾಜರು. ಹತ್ತಿರದ ಗಲ್ಲಿಯಲ್ಲೇ ಅವರ ಬಾಡಿಗೆ ಕೋಣೆ.

ಮೊದಲ ದಿನವೇ ಅವರು ತಮ್ಮ ನೇಮಕಾತಿ ಪತ್ರ ತೋರಿಸಿದರು. ಪ್ಲಾಸ್ಟಿಕ್ ಹಾಕಿ ಜೋಪಾನ ಮಾಡಿದ್ದ ಕಾಗದ. ಸರಕಾರದಲ್ಲಿ ಕೆಲಸಕ್ಕಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರ್ ದೊರೆ ಟೈಪು ಮಾಡಿಸಿ ಸಹಿ ಹಾಕಿದ್ದು. ಇಪ್ಪತ್ತರ ಹರೆಯದಲ್ಲಿ ಬೊಂಬಾಯಿಯಿಂದ ಹಡಗಿನಲ್ಲಿ ಬಂದಿಳಿದು, ಜೆಟ್ಟಿಯ ಬಳಿ ಕೆಲಸಕ್ಕೆ ಸಾಲುಗಟ್ಟಿ ನಿಂತಿದ್ದಾಗ ಆ ದೊರೆ ಎಲ್ಲರ ಕೈಗೂ ಅಳತೆಯ ಸರಪಳಿ ಕೊಟ್ಟು ಎಳೆಯಲು ಹೇಳಿದನಂತೆ. ನೆಟ್ಟಗೆ ಎಳೆದು ಹಿಡಿದವರು ಇವರೊಬ್ಬರೇ. ಅಲ್ಲೇ ನೇಮಕ: ಚೈನ್‌ಮನ್, ತಾತ್ಕಾಲಿಕ, ಮುಂದಿನ ಹುಕುಮಿನವರೆಗೆ.

"ಆ ಮುಂದಿನ ಹುಕುಮು ಇನ್ನೂ ಬರಲಿಲ್ಲ ಮಗಾ," ಎಂದು ನಕ್ಕರು. "ದೊರೆ ಹೋದ, ಬ್ರಿಟಿಷ್ ಸರಕಾರದ ಏಜೆಂಟ್ ಹೋದ, ಬಾವುಟ ಹೋಯ್ತು. ನಾನು ಮಾತ್ರ ತಾತ್ಕಾಲಿಕ ಇದ್ದೇನೆ."

ಅವರಿಗೆ ಆ ದೊರೆ ಒಂದು ಪದ್ಧತಿ ಕಲಿಸಿದ್ದ. ನೆಲದ ಮೇಲೆ ಕಣ್ಣಿಗೆ ಕಂಡದ್ದನ್ನೆಲ್ಲ ನಕ್ಷೆಯಲ್ಲಿ ಪೆನ್ಸಿಲಿನಿಂದ ಗುರುತಿಸಬೇಕು: ಬಾವಿ, ಆಡಿನ ದೊಡ್ಡಿ, ನಮಾಜಿನ ಕಟ್ಟೆ, ಮೀನು ಒಣಗಿಸುವ ಜಾಗ, ಏನಿದ್ದರೂ. ಮೇಲಿನಿಂದ ಹುಕುಮು ಬಂದ ಮೇಲೆ ಮಾತ್ರ ಅದರ ಮೇಲೆ ಮಸಿ. ಮಸಿ ಬಿದ್ದರೆ ಅದು ಸರಕಾರದ ಲೆಕ್ಕದಲ್ಲಿ ಉಂಟು. ಪೆನ್ಸಿಲಿನಲ್ಲಿದ್ದರೆ ನೆಲದ ಮೇಲೆ ಉಂಟು, ಅಷ್ಟೆ. ದೊರೆಗಳು ಹೋಗಿ ಮೂವತ್ತೈದು ವರ್ಷವಾದರೂ ಪೊರ್ಬುಗಳು ಆ ಪದ್ಧತಿ ಬಿಟ್ಟಿರಲಿಲ್ಲ.

ನಮ್ಮ ಕಂಪೆನಿಯ ಆದೇಶ ಇನ್ನೂ ಸರಳ. ಮಸಿಯ ಗೆರೆ ಮಾತ್ರ ಕಂಪ್ಯೂಟರಿಗೆ. ಸ್ಕ್ಯಾನ್ ಮಾಡುವ ಮೊದಲು ಪೆನ್ಸಿಲ್ ಗುರುತುಗಳನ್ನೆಲ್ಲ ರಬ್ಬರಿನಿಂದ ಒರೆಸಿ ಹಾಳೆಯನ್ನು ಚೊಕ್ಕ ಮಾಡಬೇಕು, ಇಲ್ಲವಾದರೆ ಯಂತ್ರ ಗಲಿಬಿಲಿಗೊಳ್ಳುತ್ತದೆ. ಸ್ಕ್ಯಾನ್ ಆದ ಹಾಳೆಗಳಿಗೆ ಸೀಲು ಹಾಕಿ ಗೋದಾಮಿಗೆ ಕಳಿಸಬೇಕು.

ಹೀಗಾಗಿ ದಿನಾ ಜಗಳ. ನಾನು ರಬ್ಬರ್ ಎತ್ತಿದರೆ ಪೊರ್ಬುಗಳು ಹಾಳೆಯ ಮೇಲೆ ಅಂಗೈ ಇಟ್ಟುಬಿಡುವರು.

"ನಿಲ್ಲು, ನಿಲ್ಲು. ಇದು ಬಾವಿ. ಇದರ ನೀರು ನಾನು ಕುಡಿದಿದ್ದೇನೆ."

"ಪೊರ್ಬುಗಳೇ, ಆ ಬಾವಿಯ ಮೇಲೆ ಈಗ ಮೂರು ಮಹಡಿಯ ಮಾಲ್ ಉಂಟು. ನಾನು ಮೊನ್ನೆ ಅಲ್ಲಿಂದಲೇ ಚಪ್ಪಲಿ ತಂದದ್ದು."

"ಇರ್ಲಿ. ಮುದೀರರಲ್ಲಿ ಕೇಳುವ. ಅವರು ಬೇಡ ಅಂದರೆ ಒರಸು."

ಮುದೀರ್ ಎಂದರೆ ನಮ್ಮ ವಿಭಾಗದ ಮ್ಯಾನೇಜರ್. ಮೂವತ್ತು ದಾಟದ ಕತಾರಿ ಯುವಕ, ಹೊಸದಾಗಿ ನೇಮಕವಾದವರು, ಇಂಗ್ಲೆಂಡಿನಲ್ಲಿ ಓದಿ ಬಂದವರು. ಒಳ್ಳೆಯ ಮನುಷ್ಯ. ಪೊರ್ಬುಗಳನ್ನು ಚಾಚಾ ಎಂದೇ ಕರೆಯುತ್ತಿದ್ದರು. ಒಂದೊಂದು ಪೆನ್ಸಿಲ್ ಗುರುತಿಗೂ ಅವರ ಮೇಜಿಗೆ ಹೋಗಿ, ಬಾವಿಗೆ ಕಡತ ಉಂಟೇ ಎಂದು ಹುಡುಕಿಸಿ, ಇಲ್ಲವೆಂದಾದ ಮೇಲೆ ಒರೆಸುವುದು. ಹತ್ತರಲ್ಲಿ ಒಂದಕ್ಕೆ ಕಡತ ಸಿಗುತ್ತಿತ್ತು. ಅಂಥ ದಿನ ಪೊರ್ಬುಗಳು ಮಸಿಯ ಕುಪ್ಪಿ ತೆರೆದು, ಉಸಿರು ಬಿಗಿಹಿಡಿದು, ಪೆನ್ಸಿಲ್ ಗೆರೆಯ ಮೇಲೆಯೇ ಮಸಿ ಎಳೆಯುವರು. ಆಮೇಲೆ ಕ್ಯಾಂಟೀನಿನಿಂದ ನನಗೂ ಒಂದು ಚಾ ಬರುವುದು.

ಚಾ ಕುಡಿದರೂ ನನ್ನ ಸಿಟ್ಟು ಇಳಿಯುತ್ತಿರಲಿಲ್ಲ. ನನಗೆ ವಾರಕ್ಕೆ ಇಷ್ಟು ಹಾಳೆ ಎಂದು ಲೆಕ್ಕವಿತ್ತು. ಮನೆಗೆ ಬಂದು ಗಂಡನೆದುರು ಕುದಿಯುತ್ತಿದ್ದೆ.

"ಅವರಿಗೆ ಕೆಲಸ ಮುಗಿಯುವುದೇ ಬೇಡ," ಎಂದೆ ಒಂದು ದಿನ. "ವರ್ಷ ವರ್ಷ ಎಕ್ಸ್‌ಟೆನ್ಶನ್ ಕೊಡ್ತಿದ್ದರು. ಈ ಸಲ ನಕ್ಷೆ ಕೆಲಸ ಮುಗಿಯುವವರೆಗೆ ಅಂತ ಬರೆದುಕೊಟ್ಟಿದ್ದಾರೆ. ಹಾಗಾಗಿ ಎಳೆಯುವುದು."

"ಎಳೆಯಲಿ ಬಿಡು ಮಾರಾಯ್ತಿ. ನಿನಗೆಂತ ಅವಸರ? ಮುದಿ ಪ್ರಾಯದಲ್ಲಿ ಊರಿಗೆ ಹೋಗಿ ಎಂತ ಮಾಡುದು ಅವರು? ಹೆಂಡತಿ ಕೂಡ ತೀರಿಹೋದರಲ್ಲ, ಎರಡು ವರ್ಷ ಆಯ್ತು," ಎಂದರು ಗಂಡ.

ಅವರ ಮಾತು ನನ್ನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ಕೊನೆಗೆ ಒಂದೇ ಹಾಳೆ ಉಳಿಯಿತು, ಮೆಸಯೀದಿನ ಕರಾವಳಿಯ ಹಾಳೆ. ಅದು ರ‍್ಯಾಕಿನಲ್ಲಿ ಇರಲಿಲ್ಲ. ಪೊರ್ಬುಗಳು ಅದನ್ನು ಹಳೆಯ ಕ್ಯಾಲೆಂಡರಿನ ಕಾಗದದಲ್ಲಿ ಸುತ್ತಿ ತಮ್ಮ ಡ್ರಾವರಿನಲ್ಲಿ ಇಟ್ಟುಕೊಂಡಿದ್ದರು. ಕೇಳಿದರೆ, "ನಾಳೆ ಮಾಡುವ" ಎನ್ನುವರು. ನಾಳೆ ಕೇಳಿದರೆ, "ಮುದೀರರ ಟೇಬಲಲ್ಲಿ ನನ್ನದೊಂದು ಅರ್ಜಿ ಉಂಟು, ಅದು ಬರ್ಲಿ" ಎನ್ನುವರು. ಎಂಥ ಅರ್ಜಿ ಎಂದು ನಾನು ಕೇಳಲಿಲ್ಲ. ಇನ್ನೊಂದು ವರ್ಷದ ಎಕ್ಸ್‌ಟೆನ್ಶನ್ನಿಗೆ ಇರಬೇಕು ಎಂದುಕೊಂಡೆ. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಇವತ್ತಿಗೂ ನನ್ನನ್ನು ಕೊರೆಯುವುದು ಅದೇ.

ಆ ವಾರ ಅವರಿಗೆ ಕಣ್ಣಿನ ಪೊರೆಯ ಆಪರೇಷನ್. ಮೂರು ದಿನ ರಜೆ. ಹೋಗುವ ಮೊದಲು ನನ್ನ ಮೇಜಿನ ಬಳಿ ಬಂದು ನಿಂತರು.

"ಮೆಸಯೀದಿನ ಶೀಟು ನಾನು ಬಂದ ಮೇಲೆ ಒಟ್ಟಿಗೆ ಕೂತು ಮಾಡುವ, ಆಯ್ತಾ ಮಗಾ?"

"ಆಯ್ತು," ಎಂದೆ.

ಮರುದಿನ ಬೆಳಿಗ್ಗೆ ಕಂಪೆನಿಯಿಂದ ಫೋನು ಬಂತು. ಒಂದು ಹಾಳೆಗಾಗಿ ಇಡೀ ಲಾಟು ನಿಂತಿದೆ, ಗುರುವಾರದೊಳಗೆ ಬೇಕು ಎಂದರು. ಗುರುವಾರ ಪೊರ್ಬುಗಳು ಬರುವವರಿದ್ದರು. ಒಂದು ಮಾತು ಹೇಳಿದ್ದರೆ ಗುರುವಾರ ಸಂಜೆಗೆ ಕೊಡಬಹುದಿತ್ತು. ಆದರೆ ನನಗೆ ಆ ಡ್ರಾವರು, ಆ ಕ್ಯಾಲೆಂಡರ್ ಕಾಗದ, ಆ ನಾಳೆ, ಎಲ್ಲದರಿಂದಲೂ ರೋಸಿಹೋಗಿತ್ತು. ಡ್ರಾವರಿಗೆ ಬೀಗ ಇರಲಿಲ್ಲ. ಅವರು ಯಾವುದಕ್ಕೂ ಬೀಗ ಹಾಕುವವರಲ್ಲ.

ಹಾಳೆ ಬಿಚ್ಚಿ ನೋಡಿದೆ. ಎಣ್ಣೆ ಕಂಪೆನಿಯ ಹಳೆಯ ಕ್ಯಾಂಪು, ಜೆಟ್ಟಿ, ಒಂದು ಅಳತೆ ಕಂಬ, ಎಲ್ಲ ಮಸಿಯಲ್ಲಿ. ಕಂಬದಿಂದ ಸ್ವಲ್ಪ ಆಚೆ ಪೆನ್ಸಿಲಿನ ನಾಲ್ಕಾರು ಗುರುತುಗಳು. ಅವುಗಳಲ್ಲಿ ಒಂದು ಸಣ್ಣ ಚೌಕ, ನನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಮೇಲೆ ಏನೂ ಬರೆದಿರಲಿಲ್ಲ. ನೀರಿನ ಟ್ಯಾಂಕಿ ಇರಬೇಕು ಎಂದುಕೊಂಡೆ. ಉಳಿದ ಗೆರೆಗಳು ಮಾಸಿದ್ದರೂ ಅದು ಮಾತ್ರ ಕಪ್ಪಗಿತ್ತು. ಮತ್ತೆ ಮತ್ತೆ ಅದೇ ಗೆರೆಯ ಮೇಲೆ ಪೆನ್ಸಿಲ್ ಆಡಿಸಿದಂತೆ ಕಾಗದ ತಗ್ಗಾಗಿತ್ತು. ಒರೆಸಲು ಕಷ್ಟವಾಯಿತು. ಎರಡು ಕೈ ಹಾಕಿ ಉಜ್ಜಿದೆ. ರಬ್ಬರಿನ ಪುಡಿಯನ್ನು ಊದಿ ಹಾರಿಸಿದೆ.

ಸಂಜೆಯೊಳಗೆ ಸ್ಕ್ಯಾನ್ ಆಯಿತು, ಗೆರೆ ಎಳೆದಾಯಿತು, ಸರ್ವರಿಗೆ ಹೋಯಿತು, ಹಾಳೆ ಗೋದಾಮಿನ ಪೆಟ್ಟಿಗೆ ಸೇರಿತು. ಮನೆಗೆ ಹೋಗಿ ಗಂಡನಿಗೆ, "ಖಲಾಸ್! ಒಂದು ದಿನದ ಕೆಲಸ ಅದು. ಮುದುಕರು ಆರು ತಿಂಗಳು ಸೆರಗಲ್ಲಿ ಕಟ್ಟಿಕೊಂಡಿದ್ದರು" ಎಂದೆ. ಅವತ್ತು ಮಗಳಿಗೆ ಐಸ್‌ಕ್ರೀಮ್ ಕೂಡ ಕೊಡಿಸಿದೆ. ಅಷ್ಟು ಖುಷಿ ನನಗೆ.

ಗುರುವಾರ ಅವರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಡ್ರಾವರು ಎಳೆದರು. ಮುಚ್ಚಿದರು. ಮತ್ತೆ ಎಳೆದರು.

"ಮುಗಿಸಿಬಿಟ್ಟೆ ಪೊರ್ಬುಗಳೇ. ಗಡಿಬಿಡಿ ಮಾಡಿದರು ಕಂಪೆನಿಯವರು. ನಿಮ್ಮ ಕಣ್ಣಿಗೆ ಶ್ರಮ ಬೇಡ ಅಂತ."

"ಪೆನ್ಸಿಲಿನದ್ದು?"

"ಒರಸಿದೆ. ರೂಲ್ಸ್ ಹಾಗೇ ಅಲ್ವಾ ಮಾರ್ರೆ?"

ಅವರು ಕನ್ನಡಕ ತೆಗೆದರು, ಡಾಕ್ಟರು ತೆಗೆಯಬಾರದು ಎಂದಿದ್ದರೂ. ಕುರ್ಚಿಯಲ್ಲಿ ಕೂತು ಡ್ರಾವರಿನ ಒಳಗೇ ನೋಡುತ್ತಿದ್ದರು. ಮಧ್ಯಾಹ್ನ ಮನೆಗೆ ಹೋಗುವಾಗ ದಿನಾ ಹೇಳುವ "ಬರ್ತೇನೆ ಮಗಾ" ಕೂಡ ಹೇಳಲಿಲ್ಲ. ಕೋಪ ಬಂದಿರಬೇಕು, ವಾರದ ರಜೆ ಕಳೆದರೆ ಸರಿಹೋಗುತ್ತದೆ ಎಂದುಕೊಂಡೆ.

ಭಾನುವಾರ ಮುದೀರರು ನಮ್ಮಿಬ್ಬರನ್ನೂ ಒಳಗೆ ಕರೆದರು. ಅವರ ಮುಂದೆ ಪೊರ್ಬುಗಳ ಅರ್ಜಿ ಇತ್ತು. ಅದು ಎಕ್ಸ್‌ಟೆನ್ಶನ್ನಿನದ್ದಲ್ಲ.

"ಚಾಚಾ, ನೀವು ಮೆಸಯೀದಿನಲ್ಲಿ ಒಂದು ಸಣ್ಣ ಜಾಗವನ್ನು ಸಮಾಧಿ ಅಂತ ಕಾಯಂ ಮಾಡಬೇಕು ಅಂತ ಬರೆದಿದ್ದೀರಿ," ಎಂದರು ತಮ್ಮ ಹಿಂದಿ ಬೆರೆತ ಇಂಗ್ಲಿಷಿನಲ್ಲಿ. "ನಕ್ಷೆ ನೋಡಿ ವರದಿ ಕೊಡಿ ಅಂತ ನಾನು ಮೇಲಿನ ಕಚೇರಿಗೆ ಕಳಿಸಿದ್ದೆ. ಬುಧವಾರ ಉತ್ತರ ಬಂತು. ಹೊಸ ನಕ್ಷೆಯಲ್ಲಿ ಅಂಥದ್ದೇನೂ ಇಲ್ಲ ಅಂತ ಬರೆದಿದ್ದಾರೆ. ಜಾಗ ಖಾಲಿ ಅಂತ ತೋರಿಸಿದ್ದರಿಂದ ಅದಕ್ಕಾಗಿ ಕಾದು ಕೂತಿದ್ದ ಪಕ್ಕದ ಸರಕು ಯಾರ್ಡಿನವರಿಗೆ ಮಂಜೂರೂ ಆಗಿದೆ. ಎಲ್ಲಿ ತಪ್ಪಾಯಿತು?"

ಪೊರ್ಬುಗಳು ನನ್ನ ಕಡೆ ನೋಡಲಿಲ್ಲ. "ತಪ್ಪು ನಂದೇ ಸರ್. ಪೆನ್ಸಿಲಿನಲ್ಲಿತ್ತು," ಎಂದರು.

ನಾನು ಮೇಜಿನ ಮೇಲಿನ ಆ ಅರ್ಜಿಯನ್ನೇ ನೋಡುತ್ತ ನಿಂತೆ.

ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತು ಅವರು ಹೇಳಿದ್ದು ಇಷ್ಟು. ಆ ಕಾಲದಲ್ಲಿ ಅವರ ಹೆಂಡತಿ ಮೆಸಯೀದಿನ ಎಣ್ಣೆ ಕಂಪೆನಿಯ ಡಿಸ್ಪೆನ್ಸರಿಯಲ್ಲಿ ಆಯಾ ಆಗಿದ್ದರು. ಚೊಚ್ಚಲ ಹೆರಿಗೆ ಅಲ್ಲಿಯೇ ಆಯಿತು. ಹೆಣ್ಣು ಮಗು. ಹನ್ನೊಂದು ದಿನ ಬದುಕಿತ್ತು. ಪಾದ್ರಿಗಳಿರಲಿಲ್ಲ, ಪ್ರಾರ್ಥನೆಗೆ ಇಗರ್ಜಿ ಇರಲಿಲ್ಲ. ತಾಯಿಯೇ ತಲೆಗೆ ನೀರು ಹನಿಸಿ ಹೆಸರಿಟ್ಟರು. ಆ ಹೆಸರನ್ನೂ ನನಗೆ ಹೇಳಿದರು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಮಣ್ಣು ಮಾಡುವುದೆಲ್ಲಿ ಎಂದು ತಿಳಿಯದೆ ನಿಂತಾಗ ಆ ಇಂಜಿನಿಯರ್ ದೊರೆ ಅಳತೆ ಕಂಬದ ಆಚೆಗೆ ಒಂದು ಜಾಗ ತೋರಿಸಿದ. ತಾನೇ ಪುಸ್ತಕ ಹಿಡಿದು ಪ್ರಾರ್ಥನೆ ಓದಿದ. ಆಮೇಲೆ ಇವರ ಕೈಯಲ್ಲೇ ಕಂಬದಿಂದ ಅಳತೆ ಮಾಡಿಸಿ, ನಕ್ಷೆಯಲ್ಲಿ ಗುರುತು ಹಾಕಿಸಿದ. ಈಗ ಪೆನ್ಸಿಲಿನಲ್ಲಿ ಹಾಕು, ನಾನು ಹುಕುಮು ತರಿಸುತ್ತೇನೆ, ಆಮೇಲೆ ಮಸಿ ಹಾಕುವ ಎಂದ. ಮರುವರ್ಷ ದೊರೆಗೆ ಬೇರೆ ಊರಿನಲ್ಲಿ ನೇಮಕವಾಯಿತು. ಅವನ ನಂತರ ಬಂದವನಿಗೆ ಅರ್ಜಿ ಕೊಟ್ಟರು. ಬ್ರಿಟಿಷರು ಹೋದ ಮೇಲೆ ಬಂದವರಿಗೆ ಕೊಟ್ಟರು. ಅವರ ಮೇಲಿನವರಿಗೆ ಕೊಟ್ಟರು. ಕಡತ ಇಲ್ಲ, ಕಡತ ಇಲ್ಲ. ಹೆಂಡತಿ ಊರಿಗೆ ಹೋದವರು ತಿರುಗಿ ಬರಲಿಲ್ಲ. ಆಮೇಲೆ ಹುಟ್ಟಿದ ಇಬ್ಬರು ಗಂಡುಮಕ್ಕಳು ಊರಲ್ಲೇ ಬೆಳೆದರು. ಇವರು ಮಾತ್ರ ವರ್ಷ ವರ್ಷ ಎಕ್ಸ್‌ಟೆನ್ಶನ್ ಕೇಳಿ ಇಲ್ಲೇ ಉಳಿದರು, ಆ ಚೌಕಕ್ಕೆ ಒಂದು ಮಸಿ ಬೀಳಲಿ ಎಂದು.

"ಈ ಸಲದ ಮುದೀರರು ನಮ್ಮ ಇಗರ್ಜಿಗೆ ಸರಕಾರ ಜಾಗ ಕೊಟ್ಟದ್ದನ್ನು ಹೇಳಿ, ನಿಮ್ಮ ಅರ್ಜಿಯನ್ನೂ ನೋಡ್ತೇನೆ ಅಂದಿದ್ದರು," ಎಂದರು. "ಮೊದಲ ಸಲ ಮಗಾ. ನಲ್ವತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ನೋಡ್ತೇನೆ ಅಂದದ್ದು."

ನನಗೆ ಆಗ ಬಂದದ್ದು ಅಳುವಲ್ಲ, ಸಿಟ್ಟು. ಹುಚ್ಚು ಸಿಟ್ಟು. ತಪ್ಪು ಮಾಡಿದವಳು ನಾನು, ಕೂಗಾಡಿದವಳೂ ನಾನೇ.

"ಮಸಿಯ ಕುಪ್ಪಿ ನಿಮ್ಮ ಕೈಯಲ್ಲೇ ಇತ್ತಲ್ಲ ಪೊರ್ಬುಗಳೇ! ನಲ್ವತ್ತು ವರ್ಷ ನಿಮ್ಮ ಕೈಯಲ್ಲೇ ಇತ್ತಲ್ಲ! ಯಾವತ್ತಾದರೂ ಒಂದು ದಿನ ನೀವೇ ಎಳೆದುಬಿಡ್ಲಿಕ್ಕೆ ಎಂತ ಆಗಿತ್ತು? ಯಾರಿಗೆ ಗೊತ್ತಾಗ್ತಿತ್ತು?"

"ನನಗೆ ಗೊತ್ತಾಗ್ತಿತ್ತು," ಎಂದರು. "ಹುಕುಮಿಲ್ಲದೆ ಎಳೆದ್ರೆ ಅದು ಕಳ್ಳ ಗೆರೆ. ಮಗಳನ್ನು ಕಳ್ಳ ಗೆರೆಯ ಒಳಗೆ ಇಡ್ಲಿಕ್ಕೆ ಆಗ್ತದಾ?"

ನಾನು ಮೆಟ್ಟಿಲಿಳಿದು ಹೋಗಿ ಹೆಂಗಸರ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಊದಿ ಹಾರಿಸಿದ ರಬ್ಬರ್ ಪುಡಿ ನೆನಪಾಗಿ ಬಾಯಿ ಮುಚ್ಚಿಕೊಂಡು ಅತ್ತೆ.

ಆ ಮಧ್ಯಾಹ್ನವೇ ಮುದೀರರ ಬಳಿ ಹೋಗಿ ಎಲ್ಲ ಹೇಳಿದೆ. ಡ್ರಾವರಿನಿಂದ ಕೇಳದೆ ತೆಗೆದದ್ದು, ಕೊಟ್ಟ ಮಾತು ಮುರಿದದ್ದು, ಒರೆಸಿದ್ದು, ಎಲ್ಲ. ಗೋದಾಮಿನಿಂದ ಹಾಳೆ ತರಿಸಿದರೆ ಕಾಗದ ತಗ್ಗಾದ ಗುರುತಾದರೂ ಕಾಣಬಹುದು ಎಂದೆ. ಅವರು ತಲೆ ತಗ್ಗಿಸಿ ಕೇಳಿದರು.

"ಸಿಸ್ಟರ್, ನಿಮ್ಮ ಶೀಟು ಬರುವ ಮೊದಲಾಗಿದ್ದರೆ ನಾನೇ ಹೋಗಿ ನೋಡಿ ಬರುತ್ತಿದ್ದೆ, ಸಹಿಯನ್ನೂ ಹಾಕುತ್ತಿದ್ದೆ," ಎಂದರು. "ಈಗ ಆ ಜಾಗ ನನ್ನ ಕೈಯಲ್ಲಿ ಇಲ್ಲ. ಮಂಜೂರಾದದ್ದನ್ನು ವಾಪಸು ತೆಗೆಯಬೇಕಾದರೆ ಒರೆಸಿದ ಪೆನ್ಸಿಲಿನ ಗುರುತು ಸಾಲದು, ಬರೆದ ಕಾಗದ ಬೇಕು. ಏನಾದರೂ ಒಂದು ಕಾಗದ. ಆ ಇಂಗ್ಲಿಷ್ ಇಂಜಿನಿಯರ್ ಬರೆದ ಒಂದು ಸಾಲು ಇದ್ದರೂ ಸಾಕು."

ಪೊರ್ಬುಗಳ ಕೋಣೆಯ ಟ್ರಂಕಿನಲ್ಲಿ ಆ ದೊರೆ ಸಹಿ ಹಾಕಿದ ಕಾಗದ ಒಂದೇ ಇದ್ದದ್ದು. ಚೈನ್‌ಮನ್, ತಾತ್ಕಾಲಿಕ. ಅದರಲ್ಲಿ ಮಗುವಿನ ವಿಷಯ ಹೇಗೆ ಇರಬೇಕು? ಮಗು ಆಗ ಹುಟ್ಟಿಯೇ ಇರಲಿಲ್ಲ.

ಯಾರ್ಡಿನವರಿಗೆ ಬರೆದು ಒಂದು ಶುಕ್ರವಾರಕ್ಕೆ ನಮಗೆ ಒಳಗೆ ಹೋಗಲು ಪಾಸು ಮಾಡಿಸಿ ಕೊಟ್ಟರು ಮುದೀರರು. ಅಷ್ಟು ಮಾಡಿದ್ದು ಅವರ ದೊಡ್ಡತನ. ಅಷ್ಟರಲ್ಲಿ ಐದು ವಾರ ಕಳೆದಿತ್ತು. ನಕ್ಷೆ ಕೆಲಸ ಮುಗಿದದ್ದರಿಂದ ಪೊರ್ಬುಗಳ ಎಕ್ಸ್‌ಟೆನ್ಶನ್ನೂ ಮುಗಿದು, ವೀಸಾ ಕ್ಯಾನ್ಸಲ್ ಆಗಿ, ಟಿಕೇಟು ಬಂದಿತ್ತು. ಊರಿಗೆ ಹೋಗುವಾಗ ಮಗಳ ಜಾಗದ ಒಂದು ಹಿಡಿ ಮಣ್ಣು ಒಯ್ದು ಹೆಂಡತಿಯ ಸಮಾಧಿಗೆ ಹಾಕುತ್ತೇನೆ ಎಂದರು. "ಕಾಯಂ ಆಗದಿದ್ದರೂ ಅಷ್ಟಾದರೂ ಆಗಲಿ" ಎಂದರು.

ಗಂಡ ಸ್ನೇಹಿತರ ಕಾರು ತಂದರು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬೆಳಿಗ್ಗೆಯೇ ಹೊರಟೆವು. ದಾರಿಯಲ್ಲಿ ಪೊರ್ಬುಗಳು ಹಳೆಯ ರಸ್ತೆ ಎಲ್ಲಿ ಹೋಗುತ್ತಿತ್ತು, ಲಾರಿ ಎಲ್ಲಿ ಹೂತುಹೋಗುತ್ತಿತ್ತು ಎಂದೆಲ್ಲ ಹೇಳುತ್ತ ಬಂದರು. ತಿಂಗಳಿಗೊಮ್ಮೆ ಬಸ್ಸು ಹಿಡಿದು ಬಂದು ಹೋಗುತ್ತಿದ್ದರಂತೆ. ಆಪರೇಷನ್ ಆದ ಮೇಲೆ ಬಂದಿರಲಿಲ್ಲ. ಅವರ ಹುರುಪು ನೋಡಲಾಗದೆ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಯಾರ್ಡಿನ ಬೇಲಿಯ ಒಳಗೆ ಅಳತೆ ಕಂಬ ಇನ್ನೂ ಇತ್ತು. ಅವರೇ ನಲವತ್ತು ವರ್ಷದ ಹಿಂದೆ ನೆಟ್ಟದ್ದು. ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಕಂಬಕ್ಕೆ ಒತ್ತಿ ಹಿಡಿಯಲು ಹೇಳಿದರು. ಇನ್ನೊಂದು ತುದಿ ಹಿಡಿದು ಸಮುದ್ರದ ಕಡೆಗೆ ನಡೆದರು. ಅಳತೆಯನ್ನು ಎಲ್ಲಿಯೂ ಬರೆದುಕೊಂಡಿರಲಿಲ್ಲ, ಬಾಯಿಪಾಠವಿತ್ತು. ನಡುವೆ ಟೇಪು ಜೋಲಾಡಿದಾಗ, "ಬಿಗಿ ಹಿಡಿ ಮಗಾ, ಬಿಗಿ" ಎಂದು ಕೂಗಿದರು. ನಾನು ಎರಡು ಕೈಯಲ್ಲಿ ಹಿಡಿದೆ. ಅವರು ನಿಂತರು, ಬಲಕ್ಕೆ ತಿರುಗಿ ಹನ್ನೆರಡು ಹೆಜ್ಜೆ ಅಳೆದರು, ಮತ್ತೆ ನಿಂತರು. ಅಲ್ಲೇ ಮೊಣಕಾಲೂರಿದರು.

ಸುತ್ತ ನೆಲವೆಲ್ಲ ಸಪಾಟು. ನೆಲ ಸಮ ಮಾಡುವ ಗ್ರೇಡರ್ ಓಡಿದ ಗುರುತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಗೆರೆಗೆರೆಯಾಗಿ ಕಾಣುತ್ತಿತ್ತು. ಪೊರ್ಬುಗಳು ಜೇಬಿನಿಂದ ಒಗೆದು ಮಡಚಿದ ಕರವಸ್ತ್ರ ತೆಗೆದು ಹಾಸಿದರು. ಬೊಗಸೆಗೆ ಮರಳು ತೆಗೆದುಕೊಂಡರು. ಬೆರಳಲ್ಲಿ ಉಜ್ಜಿ ನೋಡಿದರು. ಆಪರೇಷನ್ನಾದ ಕಣ್ಣಿನ ಹತ್ತಿರ ತಂದು ನೋಡಿದರು. ಇನ್ನಷ್ಟು ಕೆದಕಿದರು, ಮೊಳದಷ್ಟು ಆಳಕ್ಕೆ. ನನ್ನ ಗಂಡನೂ ಕೂತು ಕೈಹಾಕಿ ಕೆದಕಿದರು. ಅದೇ ಮರಳು.

"ಇದು ಇಲ್ಲಿಯ ಮಣ್ಣಲ್ಲ," ಎಂದರು ಪೊರ್ಬುಗಳು. "ಇಲ್ಲಿಯದ್ದು ಬಿಳಿ, ಒಳಗೆ ಚಿಪ್ಪಿನ ಚೂರು ಇರ್ತದೆ. ಇದು ದಿಬ್ಬದ ಮರಳು, ಲಾರಿಯಲ್ಲಿ ತಂದು ತುಂಬಿಸಿದ್ದು. ಮೊದಲಿದ್ದದ್ದನ್ನು ಕೆತ್ತಿ ಎಲ್ಲಿಗೋ ಹಾಕಿದ್ದಾರೆ."

"ಇನ್ನೂ ಆಳ ನೋಡುವ. ಹಾರೆ ತರ್ತೇನೆ," ಎಂದರು ಗಂಡ.

"ಬೇಡ ಮಗಾ. ಅಷ್ಟು ಆಳ ನಾವು ಇಟ್ಟಿರಲಿಲ್ಲ. ಕಲ್ಲು ನೆಲ ಇತ್ತು, ಅಗೆಯಲಿಕ್ಕೆ ಆಗಲಿಲ್ಲ ಆವತ್ತು."

ಖಾಲಿ ಕರವಸ್ತ್ರವನ್ನು ಕೊಡವಿ, ಮೊದಲಿನ ಮಡಿಕೆಯಲ್ಲೇ ಮಡಚಿ ಜೇಬಿಗಿಟ್ಟರು. ಶಿಲುಬೆಯ ಗುರುತು ಹಾಕಿಕೊಂಡರು. ನಾನು ಆಗಲೂ ಕಂಬಕ್ಕೆ ಟೇಪು ಒತ್ತಿ ಹಿಡಿದೇ ನಿಂತಿದ್ದೆ. ಹೋಗಿ ಅವರ ಕಾಲು ಹಿಡಿಯಬೇಕು ಎನಿಸಿತು. ಆಗಲಿಲ್ಲ. ಅವರೇ ಟೇಪು ಸುತ್ತುತ್ತ ಬಂದು ನನ್ನ ಕೈಯಿಂದ ತುದಿ ಬಿಡಿಸಿಕೊಂಡು, "ಸರಿ ಹಿಡಿದಿದ್ದಿ" ಎಂದರು. ಒಂದು ಬೈಗುಳ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅವರು ಹೋದ ಮೇಲೆ ನನಗೆ ಇನ್ನೂ ಏಳು ತಿಂಗಳ ಕಾಂಟ್ರಾಕ್ಟ್ ಇತ್ತು, ನಕ್ಷೆಗಳನ್ನು ಪರಿಶೀಲಿಸುವ ಕೆಲಸ. ಮೊದಲ ತಿಂಗಳಲ್ಲೇ ಊರಿನಿಂದ ಅವರ ಫೋನು ಬಂತು, ಕಚೇರಿಯ ನಂಬರಿಗೆ. ಮಳೆಯ ಸುದ್ದಿ, ಮಕ್ಕಳ ಸುದ್ದಿ ಎಲ್ಲ ಹೇಳಿ ಕೊನೆಗೆ ಕೇಳಿದರು: "ಮುದೀರರು ಎಂತಾದ್ರೂ ಮಾಡಿದ್ರಾ ಮಗಾ? ಮ್ಯಾಪಿನಲ್ಲಿ ಈಗ ಉಂಟಾ ಅದು?"

"ಒಂದು ನಿಮಿಷ ಪೊರ್ಬುಗಳೇ, ನೋಡ್ತೇನೆ," ಎಂದೆ. ರಿಸೀವರನ್ನು ಹೆಗಲಿಗೆ ಒತ್ತಿಕೊಂಡು ಮೆಸಯೀದಿನ ಹಾಳೆ ತೆರೆದೆ. ಕಂಬದಿಂದ ಅವರು ಅಳೆದ ಅಳತೆ ನನಗೂ ಬಾಯಿಪಾಠವಾಗಿತ್ತು. ನಾಲ್ಕು ಸಲ ಮೌಸ್ ಒತ್ತಿದೆ. ಸಣ್ಣ ಚೌಕ ಪರದೆಯ ಮೇಲೆ ಬಂತು.

"ಉಂಟು," ಎಂದೆ.

ಕಡತದ ನಂಬರಿಲ್ಲದ ಗೆರೆಗಳನ್ನು ಸರ್ವರು ದಿನದ ಕೆಲಸ ಮುಗಿದ ಮೇಲೆ ತಾನೇ ತೆಗೆದುಹಾಕುತ್ತಿತ್ತು. ಮರುದಿನ ನೋಡಿದರೆ ಇರಲಿಲ್ಲ. ಮತ್ತೆ ಎಳೆದೆ. ಅವರು ಯಾವಾಗ ಫೋನು ಮಾಡಿದರೂ ನನ್ನ ಮಾತು ಸುಳ್ಳಾಗಬಾರದು ಎಂದು ಉಳಿದ ತಿಂಗಳುಗಳೆಲ್ಲ ದಿನಾ ಬೆಳಿಗ್ಗೆ ಕುರ್ಚಿಯಲ್ಲಿ ಕೂತ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಅದು. ಮುದೀರರಿಗೆ ಗೊತ್ತಿತ್ತು ಎಂದು ನನ್ನ ಅನುಮಾನ, ಆದರೂ ನನ್ನನ್ನು ತಡೆಯಲಿಲ್ಲ.

ಕಾಂಟ್ರಾಕ್ಟ್ ಮುಗಿದ ದಿನವೂ ಎಳೆದು, ಕಂಪ್ಯೂಟರ್ ಆರಿಸಿ, ಗುರುತಿನ ಕಾರ್ಡು ವಾಪಸು ಕೊಟ್ಟು ಬಂದೆ. ಹತ್ತು ದಿನ ಕಳೆದಿರಬಹುದು, ಓಲ್ಡ್ ಏರ್‌ಪೋರ್ಟಿನ ಮನೆಯಲ್ಲಿ ಮಗಳ ತಲೆ ಬಾಚುತ್ತಿದ್ದಾಗ ಮೊಬೈಲು ಬಡಿದುಕೊಂಡಿತು. ಪೊರ್ಬುಗಳ ಮಗ ಫೋನು ಹಚ್ಚಿ ತಂದೆಗೆ ಕೊಟ್ಟಿದ್ದ. ಅಪ್ಪನಿಗೆ ತುಂಬ ಹುಷಾರಿಲ್ಲ, ಜಾಸ್ತಿ ಮಾತಾಡಿಸಬೇಡಿ ಎಂದ. ಅವರ ಸ್ವರ ದೂರದಿಂದ ಬಂದಂತೆ ಕೇಳಿತು. ಮಳೆಯ ಸುದ್ದಿ ಹೇಳಲಿಲ್ಲ, ಮಕ್ಕಳ ಸುದ್ದಿ ಹೇಳಲಿಲ್ಲ.

"ಉಂಟಲ್ವಾ ಮಗಾ?"

ಮಗಳು ತಲೆ ಆಚೀಚೆ ಮಾಡುತ್ತಿದ್ದಳು. ಅವಳ ಜಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಉಂಟು ಪೊರ್ಬುಗಳೇ. ಈಗಷ್ಟೇ ನೋಡಿದೆ," ಎಂದೆ.

"ದೇವ್ ಬರೆಂ ಕರುಂ," ಎಂದರು. ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು ಅದರ ಅರ್ಥ. ಕೊಂಕಣಿಯಲ್ಲಿ ಉಪಕಾರ ಸ್ಮರಿಸುವುದು ಹಾಗೆ.